ಅವಸಾನಸಂಜ್ಞೆ: ಯಂತ್ರವ್ಯಾಕರಣಗಳಲ್ಲಿ ಅಂತ್ಯದ ಟೋಕನ್ನಿನ ವಿಮರ್ಶೆ

ವಾಕ್ಯವು ಮುಗಿಯಿತೆಂಬುದನ್ನು ತಿಳಿಸುವುದು ಶಬ್ದವೋ, ಶಬ್ದದ ಅಭಾವವೋ? ಈ ಪ್ರಶ್ನೆಯನ್ನು ಪಾಣಿನೀಯರು ಬಹುಕಾಲದ ಹಿಂದೆಯೇ ಎತ್ತಿರುವರು. ಅಷ್ಟಾಧ್ಯಾಯಿಯ ೧.೪.೧೧೦ನೆಯ ಸೂತ್ರವು ವಿರಾಮಕ್ಕೆ ಅವಸಾನವೆಂಬ ಸಂಜ್ಞೆಯನ್ನು ವಿಧಿಸುತ್ತದೆ. ವಿರಾಮವೆಂದರೆ ವರ್ಣಗಳ ನಿಲುಗಡೆಯೆಂಬುದು ಒಂದು ಪಕ್ಷ. ಯಾವ ವರ್ಣದಿಂದ ಉಚ್ಚಾರಣೆಯು ನಿಲ್ಲುವುದೋ ಆ ಕಡೆಯ ವರ್ಣವೇ ವಿರಾಮವೆಂಬುದು ಮತ್ತೊಂದು ಪಕ್ಷ. ಕಾಶಿಕಾವೃತ್ತಿಯು ಎರಡನ್ನೂ ಹೇಳುತ್ತದೆ. ಭಟ್ಟೋಜಿದೀಕ್ಷಿತರು ಸಿದ್ಧಾಂತಕೌಮುದಿಯಲ್ಲಿ ಅಭಾವಪಕ್ಷವನ್ನೇ ಹಿಡಿದಿರುವರು. ಆದರೆ ಅಭಾವವಾದರೂ ಅದಕ್ಕೆ ಹೆಸರುಂಟು. ಹೆಸರಿರುವುದರಿಂದ ಕಾರ್ಯವೂ ಉಂಟು. ೮.೩.೧೫ನೆಯ ಸೂತ್ರದಲ್ಲಿ ಪದಾಂತ್ಯದ ರೇಫಕ್ಕೆ ವಿಸರ್ಗವನ್ನು ವಿಧಿಸುವಾಗ ಖರ್ ಎಂಬ ವರ್ಣಸಮೂಹವನ್ನೂ ಅವಸಾನವನ್ನೂ ಒಂದೇ ಸಮಾಸದಲ್ಲಿ ಸೇರಿಸಿದೆ. ಇರುವ ವರ್ಣಗಳ ಪಂಕ್ತಿಯಲ್ಲಿ ಇಲ್ಲದಿರುವುದಕ್ಕೂ ಒಂದು ಆಸನ ದೊರೆತಂತಾಯಿತು.

ಕಂಪ್ಯೂಟರಿನ ಭಾಷೆಗಳಿಗೆ ವ್ಯಾಕರಣ ಬರೆದವರೂ ಇದೇ ಹಾದಿಯನ್ನು ಹಿಡಿದರು. ೧೯೬೫ರಲ್ಲಿ ಡೊನಾಲ್ಡ್ ನೂತ್ ಅವರು ಎಡದಿಂದ ಬಲಕ್ಕೆ ಪರೀಕ್ಷಿಸುವ ಕ್ರಮವನ್ನು ನಿರೂಪಿಸಿದಾಗ, ವಾಕ್ಯದ ಕೊನೆಗೆ ಒಂದು ಕೃತ್ರಿಮಚಿಹ್ನೆಯನ್ನು ಸೇರಿಸಿಕೊಂಡೇ ಹೊರಟರು. ಮುಂದಿನ ಚಿಹ್ನೆಯನ್ನು ನೋಡಿಯೇ ನಿರ್ಣಯಿಸಬೇಕಾದಲ್ಲಿ, ಮುಂದೆ ಏನೂ ಇಲ್ಲದಾಗಲೂ ನೋಡತಕ್ಕದ್ದೊಂದು ಇರಬೇಕಷ್ಟೆ. ೧೯೬೭ರಲ್ಲಿ ಇಂಗರ್ಮನ್ ಎಂಬವರು ಬ್ಯಾಕಸ್ ರೂಪವೆಂಬ ನಿಯಮಲೇಖನಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದರು. ಆ ಸೂಚನೆಯನ್ನು ಕುರಿತು ನಮ್ಮವರು ಹೆಮ್ಮೆಪಟ್ಟದ್ದುಂಟು. ಅವಸಾನದಲ್ಲಿರುವ ಈ ಹೆಚ್ಚು ನಿಕಟವಾದ ಸಾಮ್ಯವನ್ನು ಗಮನಿಸಿದವರು ವಿರಳ.

ಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾಗಿದ್ದದ್ದು ಉಪಕರಣಗಳಲ್ಲಿ ಕಲಕಿಹೋಯಿತು. ಬೆಲ್ ಪ್ರಯೋಗಶಾಲೆಯಿಂದ ೧೯೭೫ರಲ್ಲಿ ಎರಡು ಲೇಖಗಳು ಹೊರಬಿದ್ದವು: ಲೆಸ್ಕ್ ಮತ್ತು ಶ್ಮಿಟ್ ಅವರ ಲೆಕ್ಸ್, ಜಾನ್ಸನ್ ಅವರ ಯಾಕ್. ಲೆಕ್ಸ್ ನಿರ್ಮಿಸುವ ಸ್ಕ್ಯಾನರು ಅಕ್ಷರಗಳನ್ನು ಒಗ್ಗೂಡಿಸಿ ಟೋಕನ್ ಎಂಬ ಪದಗಳನ್ನಾಗಿ ಮಾಡುತ್ತದೆ. ಯಾಕ್ ನಿರ್ಮಿಸುವ ಪಾರ್ಸರು ಆ ಪದಗಳ ಅನ್ವಯವನ್ನು ಪರೀಕ್ಷಿಸುತ್ತದೆ. ಇಬ್ಬರ ನಡುವಣ ಒಪ್ಪಂದವೇನೆಂದರೆ, ಮೂಲವು ಮುಗಿದಾಗ ಸ್ಕ್ಯಾನರು ಸೊನ್ನೆಯನ್ನು ಹಿಂದಿರುಗಿಸಬೇಕು. ಯಾಕ್ ಸೊನ್ನೆಯನ್ನೂ ಋಣಸಂಖ್ಯೆಯನ್ನೂ ಅಂತ್ಯವೆಂದೇ ಗ್ರಹಿಸುತ್ತದೆ. ಆ ಅಂತ್ಯವು ಪೂರ್ಣವಾದ ವಾಕ್ಯದ ಅನಂತರ ಬಂದರೆ ಸ್ವೀಕಾರ, ಬೇರೆಲ್ಲಿ ಬಂದರೂ ದೋಷ. ಇಷ್ಟು ನಿರ್ದುಷ್ಟವಾಗಿದೆ.

ದೋಷವಿರುವುದು ಲೆಕ್ಸಿನಲ್ಲಿ. ಅದರಲ್ಲಿ ಅಂತ್ಯವನ್ನು ಗುರುತಿಸುವ ನಿಯಮವನ್ನು ಬರೆಯುವುದಕ್ಕೇ ಅವಕಾಶವಿರಲಿಲ್ಲ. ವೈವೈರ್‍ಯಾಪ್ ಎಂಬ ಒಂದು ಕಾರ್ಯದ ಮೂಲಕ ಮಾತ್ರ ಅದನ್ನು ತಿಳಿಯಬಹುದಾಗಿತ್ತು. ಅಲ್ಲದೆ ಅಕ್ಷರಗಳನ್ನು ಒದಗಿಸುವ ಕಾರ್ಯವೂ ಸೊನ್ನೆಯಿಂದಲೇ ಅಂತ್ಯವನ್ನು ಸೂಚಿಸುತ್ತಿದ್ದುದರಿಂದ, ಸೊನ್ನೆಯ ಬೆಲೆಯುಳ್ಳ ಅಕ್ಷರವು ಮೂಲದಲ್ಲಿ ನಿಜವಾಗಿಯೇ ಬಂದರೆ ಅದೂ ಅಂತ್ಯವಾಗಿಬಿಡುತ್ತಿತ್ತು. ಕರ್ತೃಗಳು ಈ ನ್ಯೂನತೆಯನ್ನು ತಾವೇ ಬರೆದಿಟ್ಟಿರುವುದು ಪ್ರಾಮಾಣಿಕತೆಯ ಲಕ್ಷಣ. ಆದರೂ ವಿಷಯವಿಷ್ಟು: ಕಡೆಯ ವರ್ಣವೇ ಅವಸಾನವೆಂಬ ಎರಡನೆಯ ಪಕ್ಷವನ್ನು ಅರಿಯದೆ ಹಿಡಿದಂತಾಯಿತು. ಅಂತ್ಯಕ್ಕೆ ವರ್ಣಮಾಲೆಯೊಳಗಿನ ಒಂದು ವರ್ಣವನ್ನೇ ಕೊಟ್ಟರೆ, ಆ ವರ್ಣವು ತನ್ನ ಸ್ವಂತ ಅರ್ಥವನ್ನು ಕಳೆದುಕೊಳ್ಳುತ್ತದೆ. ವರ್ನ್ ಪ್ಯಾಕ್ಸನ್ ಅವರ ಫ್ಲೆಕ್ಸ್ ಇದನ್ನು ತಿದ್ದಿತು. ಅದೂ ಸಂಗ್ರಹದ ಕೊನೆಗೆ ಸೊನ್ನೆಯನ್ನೇ ಇಡುತ್ತದೆ; ಆದರೆ ಸೊನ್ನೆ ಕಂಡಾಗ ಅದು ಯಾವ ಸ್ಥಾನದಲ್ಲಿದೆಯೆಂದು ನೋಡಿ, ಒಳಗಿದ್ದರೆ ಅಕ್ಷರ, ಕೊನೆಯಲ್ಲಿದ್ದರೆ ಅವಸಾನ ಎಂದು ವಿಂಗಡಿಸುತ್ತದೆ.

ಫ್ಲೆಕ್ಸಿನಲ್ಲಿ ಅಂತ್ಯಕ್ಕೆ ಪ್ರತ್ಯೇಕ ನಿಯಮವನ್ನೂ ಬರೆಯಬಹುದು. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪ್ರತಿವಾಕ್ಯವೂ ಪಂಕ್ತಿಯ ಅಂತ್ಯದಿಂದಲೇ ಮುಗಿಯತಕ್ಕ ಒಂದು ಭಾಷೆಯನ್ನು ಭಾವಿಸೋಣ. ಕಡೆಯ ಪಂಕ್ತಿಯನ್ನು ಬರೆದವನು ಪಂಕ್ತಿಚಿಹ್ನೆಯನ್ನು ಹಾಕದೆ ಬಿಟ್ಟಿದ್ದಾನೆ. ಡಾಲರ್ ಚಿಹ್ನೆಯಿಂದ ಪಂಕ್ತ್ಯಂತವನ್ನು ಹಿಡಿಯಬಹುದಲ್ಲವೇ ಎಂದರೆ, ಇಲ್ಲ. ಅಲ್ಲಿ ಡಾಲರ್ ಎಂದರೆ ಮುಂದೆ ಪಂಕ್ತಿಚಿಹ್ನೆಯಿದೆ ಎಂದಷ್ಟೇ ಅರ್ಥ, ಮೂಲದ ಅಂತ್ಯಕ್ಕೆ ಅದು ಹೊಂದುವುದಿಲ್ಲ. ಆದುದರಿಂದ ವ್ಯಾಕರಣಕಾರನು ಅಂತ್ಯದ ನಿಯಮದಲ್ಲಿ ಪಂಕ್ತಿಯ ಟೋಕನ್ನನ್ನು ಹಿಂದಿರುಗಿಸುತ್ತಾನೆ. ಪಾರ್ಸರು ಮತ್ತೆ ಕೇಳುತ್ತದೆ. ಮೂಲವು ಇನ್ನೂ ಮುಗಿದೇ ಇರುವುದರಿಂದ ಅದೇ ನಿಯಮವು ಮತ್ತೆ ಪ್ರವರ್ತಿಸುತ್ತದೆ. ಬರಿಯ ಪಂಕ್ತಿಗಳನ್ನು ವ್ಯಾಕರಣವು ಒಪ್ಪುವುದಾದರೆ ಈ ಆವೃತ್ತಿಗೆ ಕೊನೆಯೇ ಇಲ್ಲ; ಇದು ಅನವಸ್ಥೆ. ಪಂಕ್ತಿಯ ಟೋಕನ್ ಒಮ್ಮೆ ಕೊಟ್ಟಾಯಿತೆಂಬುದನ್ನು ನೆನಪಿಟ್ಟು, ಎರಡನೆಯ ಸಲ ಸೊನ್ನೆಯನ್ನು ಕೊಡಬೇಕು. ಪೈಥಾನ್ ಭಾಷೆಯ ವಿಭಾಜಕವು ಇದನ್ನು ಕ್ರಮವಾಗಿ ಮಾಡುತ್ತದೆ: ಮೊದಲು ಬಿಟ್ಟುಹೋದ ಪಂಕ್ತಿಚಿಹ್ನೆ, ಆಮೇಲೆ ತೆರೆದಿರುವ ಅಂಚುಗಳು ಎಷ್ಟೋ ಅಷ್ಟೇ ಮುಚ್ಚುವ ಟೋಕನ್ನುಗಳು, ಕಟ್ಟಕಡೆಗೆ ಅಂತ್ಯಚಿಹ್ನೆ.

ಇದಕ್ಕಿಂತ ಕೇಡಾದದ್ದು ಮೌನ. ಅನವಸ್ಥೆಯಾದರೋ ಯಂತ್ರವು ನಿಲ್ಲದೆ ಇರುವುದರಿಂದ ಬಯಲಾಗುತ್ತದೆ. ಟಿಪ್ಪಣಿಯೊಂದನ್ನು ತೆರೆದು ಮುಚ್ಚದೆ ಬಿಟ್ಟಲ್ಲಿ, ಫ್ಲೆಕ್ಸಿನ ಸ್ಕ್ಯಾನರು ಟಿಪ್ಪಣಿಯ ಅವಸ್ಥೆಯಲ್ಲಿದ್ದುಕೊಂಡೇ ಗ್ರಂಥದ ಉಳಿದ ಭಾಗವನ್ನೆಲ್ಲ ನುಂಗಿ, ಅಂತ್ಯವನ್ನು ಸೇರಿ, ಶಾಂತವಾಗಿ ಸೊನ್ನೆಯನ್ನು ಕೊಡುತ್ತದೆ. ಆ ಅವಸ್ಥೆಗೇ ಪ್ರತ್ಯೇಕವಾದ ಅಂತ್ಯನಿಯಮವನ್ನು ಬರೆಯದಿದ್ದರೆ ಸಾಮಾನ್ಯನಿಯಮವೇ ಅನ್ವಯಿಸುವುದು. ಟಿಪ್ಪಣಿಯ ಹಿಂದಿನ ಭಾಗವು ತಾನಾಗಿ ಪೂರ್ಣವಾಗಿದ್ದರೆ ಪಾರ್ಸರು ಸಮ್ಮತಿಸುತ್ತದೆ. ಅರ್ಧಗ್ರಂಥವು ಪೂರ್ಣಗ್ರಂಥವೆಂದು ಅಂಗೀಕೃತವಾಯಿತು. ದೋಷವೆಂದು ಯಾರೂ ಹೇಳಲಿಲ್ಲ.

ಟೆರೆನ್ಸ್ ಪಾರ್ ಅವರ ಆಂಟ್ಲರ್ ಇದೇ ತಪ್ಪನ್ನು ಪಾರ್ಸರಿನ ಕಡೆಗೆ ತಂದಿದೆ. ಯಾಕ್ ಮತ್ತು ಅದರ ಸಂತತಿಯಾದ ಬೈಸನ್ ಆರಂಭನಿಯಮದ ಕೊನೆಗೆ ಅಂತ್ಯಚಿಹ್ನೆಯನ್ನು ತಾವೇ ಸೇರಿಸಿಕೊಳ್ಳುತ್ತವೆ. ಆಂಟ್ಲರಿನಲ್ಲಿ ಅದನ್ನು ಬರೆಯುವವನೇ ಸೇರಿಸಬೇಕು. ಸೇರಿಸದಿದ್ದರೆ, ಒಂದು ಕೂಡಿಕೆ ಎರಡು ಎಂದು ಬರೆದು ಮುಂದೆ ಅನಾಥವಾದ ಒಂದು ಮುಚ್ಚುವ ಆವರಣಚಿಹ್ನೆಯನ್ನಿಟ್ಟರೂ, ಪಾರ್ಸರು ಎರಡರವರೆಗೆ ಓದಿ ತೃಪ್ತವಾಗಿ ನಿಲ್ಲುತ್ತದೆ. ಯಾವ ನಿಯಮವನ್ನಾದರೂ ಆರಂಭವಾಗಿ ಬಳಸಿ ಗ್ರಂಥದ ಒಂದು ಭಾಗವನ್ನಷ್ಟೇ ಓದುವ ಸ್ವಾತಂತ್ರ್ಯ ಇದರಿಂದ ಲಭಿಸುತ್ತದೆಯೆಂದು ಸಮರ್ಥಿಸಬಹುದು. ಸ್ವಾತಂತ್ರ್ಯವು ದಿಟ. ಆದರೆ ಭಾಗವನ್ನು ಓದುವವನು ಅಪೂರ್ವ, ಇಡೀ ಗ್ರಂಥವನ್ನು ಓದುವವನೇ ಬಹುಲ. ಅಪವಾದಕ್ಕಾಗಿ ಉತ್ಸರ್ಗವನ್ನು ಬಲಿಕೊಡುವುದು ಶಾಸ್ತ್ರಸಮ್ಮತವಲ್ಲ.

ಗ್ರಂಥದೊಳಗೆ ಮತ್ತೊಂದು ಗ್ರಂಥವನ್ನು ಸೇರಿಸಿಕೊಳ್ಳುವಲ್ಲಿ ಮಾತ್ರ ಅಂತ್ಯವು ಅವಸಾನವಾಗುವುದಿಲ್ಲ. ಒಳಗಿನದು ಮುಗಿದಾಗ ಫ್ಲೆಕ್ಸಿನ ಅಂತ್ಯನಿಯಮವು ಹಳೆಯ ಸಂಗ್ರಹವನ್ನು ಮತ್ತೆ ಮೇಲಕ್ಕೆ ತಂದು ಓದನ್ನು ಮುಂದುವರಿಸಬೇಕು. ಸೊನ್ನೆಯನ್ನು ಕೊಡುವುದು ಹೊರಗಿನದೂ ತೀರಿದ ಮೇಲೆಯೇ. ಅಂತ್ಯದ ಟೋಕನ್ನಿಗೆ ಬಳಕೆದಾರರು ಕರೆಯತಕ್ಕ ಅಧಿಕೃತವಾದ ಹೆಸರನ್ನು ಬೈಸನ್ ಕೊಟ್ಟದ್ದು ೨೦೨೦ರ ೩.೬ನೆಯ ಆವೃತ್ತಿಯಲ್ಲಿ, ಯಾಕ್ ಹೊರಬಿದ್ದ ನಲವತ್ತೈದು ವರ್ಷಗಳ ತರುವಾಯ. ಅದರ ಬೆಲೆ ಮಾತ್ರ ಹಿಂದಿನಂತೆಯೇ ಸೊನ್ನೆಯಾಗಿದೆ.