ನಗರದ ಅಂಕಿಯಲ್ಲಿ ಫರಂಗಿಪೇಟೆಯ ಸಾವು

ಪಾರ್ಶ್ವವಾಯುವಿನಿಂದ ಸಾಯುವವರು ನಗರದಲ್ಲಿ ಹೆಚ್ಚಾದರು, ಕಡಿಮೆಯಾದರು ಎಂದು ವರದಿಗಳು ಬರೆಯುತ್ತವೆ. ಆ ಲೆಕ್ಕದಲ್ಲಿ ಯಾರ ಸಾವು ಸೇರಿದೆ ಎಂದು ಮೊದಲು ಕೇಳಬೇಕು. ದಕ್ಷಿಣ ಕನ್ನಡದ ಫರಂಗಿಪೇಟೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾಗಿ, ಕೈಕಾಲು ಸ್ವಾಧೀನ ತಪ್ಪಿದರೆ ಹೆದ್ದಾರಿ ಹಿಡಿದು ಮಂಗಳೂರಿಗೆ ಓಡುತ್ತಾರೆ. ಅಲ್ಲಿ ತೀರಿಕೊಂಡರೆ ಸಾವು ನೋಂದಣಿಯಾಗುವುದೂ ಅಲ್ಲೇ, ವೈದ್ಯರು ಬರೆದ ಕಾರಣದೊಂದಿಗೆ. ಮನೆಯಲ್ಲೇ ಕಣ್ಮುಚ್ಚಿದ ಅಜ್ಜಿಯದು ಬರಿ ವಯಸ್ಸಾದವರ ಸಾವು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5ರಷ್ಟು ಮಾತ್ರ. ಹೀಗಿರುವಾಗ ನಗರದ ಅಂಕಿ ಹೊರಗಿನವರಿಂದ ಉಬ್ಬುತ್ತದೆ, ಹಳ್ಳಿಯಲ್ಲಿ ಈ ಕಾಯಿಲೆಯೇ ಇಲ್ಲವೆನಿಸುತ್ತದೆ. ಇಂಥ ಅಂಕಿಗಳಿಂದ ಏರಿಳಿತದ ಗೆರೆ ಎಳೆಯುವುದನ್ನು ನಾನು ಒಪ್ಪಲಾರೆ.

ಸರಿಯಾಗಿ ಎಣಿಸಿದವರೂ ಇದ್ದಾರೆ. 2005ರಲ್ಲಿ ತಿರುವನಂತಪುರದ ಅಧ್ಯಯನ ನಗರವನ್ನೂ ಹಳ್ಳಿಗಳನ್ನೂ ಒಟ್ಟಿಗೆ ಹಿಡಿದು, ದೊಡ್ಡ ಆಸ್ಪತ್ರೆಗೆ ಬಾರದ ರೋಗಿಗಳನ್ನೂ ಹುಡುಕಿತು. 28 ದಿನಗಳೊಳಗೆ ಸತ್ತವರು ನಗರದಲ್ಲಿ ಶೇ. 24.5, ಹಳ್ಳಿಗಳಲ್ಲಿ ಶೇ. 37.1. ಆಸ್ಪತ್ರೆಯ ಕಡತ ಮಾತ್ರ ನೋಡಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ಇಳಿಕೆಯಾದಲ್ಲೆಲ್ಲ ಆಸ್ಪತ್ರೆಗಳಿಗೇ ಶ್ರೇಯ ಕೊಡುವುದು ಇನ್ನೊಂದು ದೋಷ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು. ಫರಂಗಿಪೇಟೆಯವರು ತಡಮಾಡದೆ ಹೊರಟರೆ ತಲುಪಿಯಾರು. ಬೆಳ್ತಂಗಡಿಯ ಒಳಹಳ್ಳಿಯವರ ಗತಿ? 2022ರಲ್ಲಿ ನಿಮ್ಹಾನ್ಸ್ ಜೊತೆ ಸರ್ಕಾರ ಆರಂಭಿಸಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ನರರೋಗ ಚಿಕಿತ್ಸೆಯನ್ನು ಬೆಂಗಳೂರಿನಾಚೆಗೆ ಒಯ್ಯಲು ಹೊರಟಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಜಪಾನಿನಲ್ಲಿ 1951ರಿಂದ 1980ರವರೆಗೆ ಸಾವಿನ ಮೊದಲ ಕಾರಣವಾಗಿದ್ದ ಈ ಕಾಯಿಲೆ ಹಿಂದೆ ಸರಿಯಲು ಮುಖ್ಯ ಕಾರಣ ರಕ್ತದೊತ್ತಡದ ತಪಾಸಣೆ, ಮಾತ್ರೆ, ಊಟದಲ್ಲಿ ಉಪ್ಪಿನ ಕಡಿತ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು ಇರುವ ನಮ್ಮ ಬಟ್ಟಲಿಗೆ ಈ ಮಾತು ನೇರವಾಗಿ ತಾಗುತ್ತದೆ. ಬಿ.ಪಿ. ಹತೋಟಿಗೆ ಬಂತೆಂದು ಮಾತ್ರೆ ಬಿಡುವವರಿಗಂತೂ ಇನ್ನೂ ಹೆಚ್ಚು.

ಮನೆಯವರನ್ನು ವಿಚಾರಿಸಿ ಸಾವಿನ ಕಾರಣ ಗುರುತಿಸುವ ಕ್ರಮ ನಮ್ಮ ದೇಶದ ಸಮೀಕ್ಷೆಗಳಲ್ಲಿ ಆಗಲೇ ಇದೆ. ಅದು ಪ್ರತಿ ಗ್ರಾಮದ ನೋಂದಣಿಗೂ ಬರಲಿ. ಮುಖ ವಾಲಿತ್ತೇ, ಯಾವ ಪಕ್ಕ ಬಲ ಹೋಯಿತು, ಎಷ್ಟು ಹೊತ್ತಿಗೆ ವಾಹನ ಸಿಕ್ಕಿತು, ಬಿ.ಪಿ. ಮಾತ್ರೆ ನಡೆಯುತ್ತಿತ್ತೇ ಎಂದು ಕೇಳಿ ಬರೆದುಕೊಳ್ಳಲಿ.