ಮಾತಿನ ಮದ್ದು ಯಾರ ಪಾಲಿಗೆ?

ಫ್ರಾಯ್ಡ್ ಅಂದರೆ ನಮ್ಮ ನವ್ಯದ ಓದುಗರಿಗೆ ಸುಪ್ತಚಿತ್ತ, ಕನಸು, ಕಾಮ ಇವೇ ನೆನಪಾಗ್ತವೆ. ಮನೋವಿಶ್ಲೇಷಣೆ ಮೊದಲಿಗೆ ಒಂದು ಚಿಕಿತ್ಸೆ, ರೋಗಿಯ ಮಾತು ಕೇಳಿ ಗುಣಪಡಿಸುವ ಚಿಕಿತ್ಸೆ ಅನ್ನೋದು ಮರೆತೇಹೋಗಿದೆ. ಚಿಕಿತ್ಸೆ ಅಂದಮೇಲೆ ಕೇಳಲೇಬೇಕಾದ ಪ್ರಶ್ನೆಗಳಿವೆ: ಮಾತು ಯಾರದು? ಯಶಸ್ಸು ಯಾರ ಪಾಲಾಯ್ತು? ಫೀಸು ಕೊಡಲಾರದವನ ಗತಿ ಏನು?

ಇದಕ್ಕೆ 'ಮಾತಿನ ಮದ್ದು' ಎಂದು ಹೆಸರಿಟ್ಟದ್ದು ಫ್ರಾಯ್ಡ್ ಅಲ್ಲ, ಒಬ್ಬ ರೋಗಿ. ವಿಯೆನ್ನಾದ ಯೆಹೂದಿ ಹೆಣ್ಣುಮಗಳು ಬರ್ತಾ ಪಾಪೆನ್‌ಹೈಮ್. ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡ್ತಾ ಮಾಡ್ತಾ ತಾನೇ ಹಾಸಿಗೆ ಹಿಡಿದಳು. ಕೈಕಾಲು ಸ್ವಾಧೀನ ತಪ್ಪಿತು, ತಾಯಿನುಡಿಯೇ ನಾಲಿಗೆಗೆ ಬಾರದಾಯ್ತು. 1880ರಿಂದ 1882ರವರೆಗೆ ಡಾಕ್ಟರ್ ಬ್ರಾಯರ್ ಮುಂದೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳ್ಕೊಂಡಳು. ಅದನ್ನವಳು ಹೊಗೆಗೂಡಿನ ಮಸಿ ಗುಡಿಸೋದು ಅಂತ ತಮಾಷೆಯನ್ನೂ ಮಾಡ್ತಿದ್ದಳು.

1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಪುಸ್ತಕ ತಂದರು. ಅದರಲ್ಲಿ ಆಕೆ 'ಅನ್ನಾ ಓ'. ಚೇತರಿಸಿಕೊಳ್ಳಲು ಕೊಂಚ ಕಾಲ ಹಿಡಿಯಿತು, ಆಮೇಲೆ ಪೂರ್ತಿ ಆರೋಗ್ಯ ಎಂದು ಬರೆದು ಕತೆ ಮುಗಿಸಿದರು. 1882ರಲ್ಲೇ ಆಕೆ ಸ್ವಿಟ್ಜರ್ಲೆಂಡಿನ ಆಸ್ಪತ್ರೆ ಸೇರಿದ ಸಂಗತಿ ಅಲ್ಲಿಲ್ಲ. ಶಾಸ್ತ್ರ ಗೆಲ್ಲಬೇಕಿತ್ತು, ನರಳಾಟ ಮುಚ್ಚಿಹೋಯ್ತು.

ಆದರೆ ಆಕೆ ಕೇಸಾಗಿಯೇ ಉಳಿಯಲಿಲ್ಲ. 1904ರಲ್ಲಿ ಯೆಹೂದಿ ಮಹಿಳೆಯರ ಒಕ್ಕೂಟ ಕಟ್ಟಿದಳು. ಹೆಣ್ಣುಮಕ್ಕಳನ್ನು ಮಾರುವ ದಂಧೆಯ ವಿರುದ್ಧ ಹೋರಾಡಿದಳು. ದಿಕ್ಕಿಲ್ಲದ ತಾಯಂದಿರಿಗೆ 1907ರಲ್ಲಿ ಆಸರೆಮನೆ ತೆರೆದಳು. ಈ ಬದುಕನ್ನು ಪಕ್ಕಕ್ಕಿಟ್ಟು 'ಅನ್ನಾ ಓ'ಳನ್ನು ಮಾತ್ರ ಓದೋದು ಅರ್ಧ ಓದು.

ಫ್ರಾಯ್ಡನಿಗೂ ನ್ಯಾಯ ಸಲ್ಲಬೇಕು. ಬಡವನಿಗೆ ಶಸ್ತ್ರಚಿಕಿತ್ಸೆಯ ಮೇಲಿರುವಷ್ಟೇ ಹಕ್ಕು ಮನಸ್ಸಿನ ಚಿಕಿತ್ಸೆಯ ಮೇಲೂ ಇದೆ ಎಂದು 1918ರಲ್ಲಿ ಬುಡಾಪೆಸ್ಟಿನಲ್ಲಿ ಆತನೇ ಸಾರಿದ. 1920ರಲ್ಲಿ ಬರ್ಲಿನ್, 1922ರಲ್ಲಿ ವಿಯೆನ್ನಾ, ಎರಡೂ ಕಡೆ ದುಡ್ಡಿಲ್ಲದವರಿಗೂ ಚಿಕಿತ್ಸಾಲಯದ ಬಾಗಿಲು ತೆರೆಯಿತು. ಅಂದರೆ ದೊಡ್ಡ ಫೀಸು ಈ ವಿದ್ಯೆಯ ಹುಟ್ಟುಗುಣವೇನಲ್ಲ. ಅವನ್ನು ನುಂಗಿದ್ದು ನಾಜಿಗಳ ಆಳ್ವಿಕೆ; ವಿಯೆನ್ನಾದ್ದು 1938ರಲ್ಲಿ ಮುಚ್ಚಿತು.

ನಮ್ಮ ನವ್ಯರು ಫ್ರಾಯ್ಡನ ಕನಸುಗಳನ್ನು ಹೊತ್ತು ತಂದರು. ಈ ಬಾಗಿಲನ್ನು ಯಾಕೆ ತರಲಿಲ್ಲ? ಅನಾಥಪ್ರಜ್ಞೆ ಓದುಬಲ್ಲವರ ಸೊತ್ತಾಯ್ತು; ಕೂಲಿಯವಳ ನಿದ್ದೆಗೇಡು ಕತೆಗೂ ದಕ್ಕಲಿಲ್ಲ, ಡಾಕ್ಟರ ಕಿವಿಗೂ ಬೀಳಲಿಲ್ಲ. 2017ರ ಕಾಯ್ದೆ ಮಾನಸಿಕ ಆರೈಕೆಯನ್ನು ಹಕ್ಕು ಎಂದಿದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಕೂತು ಕೇಳೋ ಕಿವಿ ಬೇಕು. ಹೊಟ್ಟೆಯ ಸಂಕಟ, ಕೇರಿಯ ಅವಮಾನ ಹೇಳಿಕೊಂಡವರಿಗೆ 'ಎಲ್ಲಾ ನಿನ್ನ ಬಾಲ್ಯದ ಗಂಟು' ಅನ್ನದ ಕಿವಿ.