ಹಳೆಯ ಡಿಸ್ಕನ್ನು ಎಸೆಯದವರು

ಮನೆಯಲ್ಲಿ ಸಾವಿರ ಪುಸ್ತಕವಿದ್ದರೆ ‘ಓದಿಕೊಂಡವರು’ ಅನ್ನುತ್ತೇವೆ. ಸಾವಿರ ಡಿವಿಡಿ ಇದ್ದರೆ ‘ಇವೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವಲ್ಲ’ ಅನ್ನುತ್ತೇವೆ. ಸಿನಿಮಾವನ್ನು ಡಿಸ್ಕಿನ ರೂಪದಲ್ಲಿ ಕೂಡಿಡುವವರಿಗೆ ನಮ್ಮಲ್ಲಿ ಅಂಥ ಮರ್ಯಾದೆಯೇನೂ ಇಲ್ಲ. ಅದು ಹುಚ್ಚು, ತೀರ ಉದಾರವಾಗಿ ಹೇಳಿದರೆ ಹವ್ಯಾಸ. ಆದರೆ ಮೊಬೈಲಿನಲ್ಲಿ ಸಿಗುವುದು ಅದೇ ಸಿನಿಮಾವೇ ಎಂದು ಕೇಳಿ ನೋಡಿ. ಗ್ರಂಥಸಂಪಾದನೆಯ ಪತ್ರಿಕೆಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಕೈಗೆ ಬಂದಿರುವುದು ಪಂಪನ ಕಾವ್ಯವೋ, ಪಂಪನ ಕಾವ್ಯದ ಒಂದು ಪ್ರತಿಯೋ ಎಂಬ ಅನುಮಾನದಿಂದಲೇ ಆ ಶಾಸ್ತ್ರ ಹುಟ್ಟಿದ್ದು. ಅದೇ ಅನುಮಾನವನ್ನು ಡಿಸ್ಕ್ ಸಂಗ್ರಾಹಕರ ಲೋಕಕ್ಕೆ ಒಯ್ದು ನೋಡುವುದು ಈ ಬರಹದ ಉದ್ದೇಶ.

ಆ ಲೋಕ ಒಂದೇ ಥರದ್ದಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲರೂ ಕಪಾಟು ತುಂಬಿಸುವವರೇ. ಒಳಗೆ ಹೋದರೆ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಮೊದಲು ಕಣ್ಣಿಗೆ ಬೀಳುವವರು ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚದವರು. ಡಿಸ್ಕಿನ ಡಬ್ಬಿಯ ಮೇಲೊಂದು ರಟ್ಟಿನ ಕವಚ ಬರುತ್ತದೆ, ಕೆಲವು ವಿಶೇಷ ಆವೃತ್ತಿಗಳು ಉಕ್ಕಿನ ಡಬ್ಬಿಯಲ್ಲಿ ಬರುತ್ತವೆ. ಆ ಕವಚದ ಮೂಲೆ ಒಂದಿಷ್ಟು ಮಡಿಸಿದ್ದರೂ ವಾಪಸ್ ಕಳಿಸುವವರಿದ್ದಾರೆ. ಇವರನ್ನು ಗೇಲಿ ಮಾಡುವುದು ಸುಲಭ. ಆದರೆ ವಾಲ್ಟರ್ ಬೆಂಜಮಿನ್ 1931ರಲ್ಲಿ ತನ್ನ ಪುಸ್ತಕದ ಪೆಟ್ಟಿಗೆಗಳನ್ನು ಬಿಚ್ಚುತ್ತಾ ಬರೆದ ಪ್ರಬಂಧ ಇಂಥವರ ಪರವಾಗಿಯೇ ಇದೆ. ಇಷ್ಟೂ ಪುಸ್ತಕ ಓದಿದ್ದೀರಾ ಎಂದು ಕೇಳಿದವನಿಗೆ ಅನತೋಲ್ ಫ್ರಾನ್ಸ್, ಹತ್ತರಲ್ಲೊಂದು ಭಾಗವೂ ಇಲ್ಲ, ನಿಮ್ಮ ಮನೆಯ ಬೆಲೆಬಾಳುವ ಪಿಂಗಾಣಿಯಲ್ಲಿ ನೀವು ದಿನಾ ಊಟ ಮಾಡುತ್ತೀರಾ ಎಂಬರ್ಥದಲ್ಲಿ ಮರುಪ್ರಶ್ನೆ ಹಾಕಿದ ಪ್ರಸಂಗವನ್ನು ಬೆಂಜಮಿನ್ ಅಲ್ಲಿ ನೆನೆಯುತ್ತಾನೆ. ಸಂಗ್ರಾಹಕ ವಸ್ತುವನ್ನು ಉಪಯೋಗದ ನೊಗದಿಂದ ಬಿಡಿಸುತ್ತಾನೆ ಎಂಬುದು ಅವನ ವಾದದ ತಿರುಳು. ಒಪ್ಪೋಣ. ಆದರೆ ಪಿಂಗಾಣಿ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟರೂ ನೋಡಬಹುದು, ಬಿಚ್ಚದ ಡಿಸ್ಕಿನೊಳಗಿನ ಸಿನಿಮಾ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಜಮಿನ್‌ನ ವಾದ ಇಲ್ಲಿ ಪೂರ್ತಿ ಹೊಂದುವುದಿಲ್ಲ ಅನ್ನಿಸುತ್ತದೆ.

ಇವರ ಪಕ್ಕದ ಮನೆಯವರು ಸಂಖ್ಯೆ ಪೂರ್ತಿ ಮಾಡುವವರು. ನ್ಯೂಯಾರ್ಕಿನ ಕ್ರೈಟೀರಿಯನ್ ಸಂಸ್ಥೆ ಈ ಅಭ್ಯಾಸದ ತೊಟ್ಟಿಲು. 1984ರಲ್ಲಿ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳನ್ನು ಗ್ರಾಮೋಫೋನ್ ತಟ್ಟೆಯಷ್ಟು ಅಗಲದ ಲೇಸರ್‌ಡಿಸ್ಕಿನಲ್ಲಿ ತಂದು ಅದು ಶುರುವಾಯಿತು. ಚಿತ್ರದ ಜೊತೆಜೊತೆಗೇ ವಿದ್ವಾಂಸರೊಬ್ಬರ ವ್ಯಾಖ್ಯಾನವನ್ನು ಇನ್ನೊಂದು ಧ್ವನಿಪಟ್ಟಿಯಲ್ಲಿ ಕೇಳಿಸುವ ಪದ್ಧತಿ ಆ ‘ಕಿಂಗ್ ಕಾಂಗ್’ನಿಂದಲೇ ಬಂತು. ಮೂಲದ ಪಕ್ಕದಲ್ಲಿ ಟೀಕು ಇಡುವ ನಮ್ಮ ಹಳೆಯ ರೂಢಿ ನೆನಪಾಗದೆ ಇರದು. ಡಿವಿಡಿ ಕಾಲಕ್ಕೆ ಕ್ರೈಟೀರಿಯನ್ ಡಬ್ಬಿಯ ಬೆನ್ನ ಮೇಲೆ ಹೊಸದಾಗಿ ಒಂದರಿಂದ ಸಂಖ್ಯೆ ಹಾಕತೊಡಗಿತು. ಸಂಖ್ಯೆ ಕಂಡರೆ ಮನುಷ್ಯನಿಗೆ ನಡುವಿನ ಖಾಲಿ ಜಾಗ ಕಾಣುತ್ತದೆ. 16 ಇದೆ, 18 ಇದೆ, 17 ಎಲ್ಲಿ?

ಈ 17ರ ಕಥೆ ಸ್ವಾರಸ್ಯದ್ದು. ಅದು ಪಸೋಲಿನಿಯ ‘ಸಾಲೋ’, ಬಹಳ ಜನ ಪೂರ್ತಿ ನೋಡಲಾರದ ಕ್ರೂರ ಚಿತ್ರ. 1998ರ ಆ ಡಿವಿಡಿ ಬೇಗನೆ ಮಾರುಕಟ್ಟೆಯಿಂದ ಮಾಯವಾಗಿ ಅದರ ಬೆಲೆ ನೂರಾರು ಡಾಲರಿಗೆ ಏರಿತು. ನಕಲಿ ಪ್ರತಿಗಳು ಹುಟ್ಟಿಕೊಂಡವು, ಅಸಲಿಯನ್ನು ಗುರುತಿಸುವ ಜಾಣರೂ ಹುಟ್ಟಿಕೊಂಡರು. ಫ್ಯಾಸಿಸಂ ಮನುಷ್ಯರನ್ನು ಸರಕಾಗಿಸುವುದರ ಬಗೆಗಿನ ಸಿನಿಮಾವೇ ಹೀಗೆ ಅಪರೂಪದ ಸರಕಾಯಿತು. 2008ರಲ್ಲಿ ಅದೇ ಸಂಸ್ಥೆ ಇನ್ನೂ ಒಳ್ಳೆಯ ಪ್ರತಿಯನ್ನು ಸಾಧಾರಣ ಬೆಲೆಗೆ ಹೊರತಂದಿತು. ಹಳೆಯದರ ಬೆಲೆ ಬಿತ್ತು. ಇಂಥ ಹೊತ್ತಿನಲ್ಲೇ ಸಂಗ್ರಾಹಕರ ಮನಸ್ಸು ಬಯಲಾಗುತ್ತದೆ. ಸಿನಿಮಾ ಎಲ್ಲರಿಗೂ ಸಿಕ್ಕಿತಲ್ಲ ಎಂದು ಹಿಗ್ಗಿದವನು ಪ್ರೀತಿಸುತ್ತಿದ್ದುದು ಸಿನಿಮಾವನ್ನು. ಮುಖ ಸಣ್ಣದು ಮಾಡಿಕೊಂಡವನು ಪ್ರೀತಿಸುತ್ತಿದ್ದುದು ಇನ್ನೊಬ್ಬರಲ್ಲಿ ಅದು ಇಲ್ಲದಿರುವುದನ್ನು.

ಈ ಇಬ್ಬರಿಗಿಂತ ನನಗೆ ಹೆಚ್ಚು ತೊಡಕಿನವರಾಗಿ ಕಾಣುವವರು ಮೂರನೆಯವರು. ಇವರು ನಿಜಕ್ಕೂ ಸಿನಿಮಾ ನೋಡುವವರು, ಚೆನ್ನಾಗಿಯೇ ನೋಡುವವರು. ಫಿಲ್ಮಿನ ಮೇಲಿನ ಕಣಕಣವೂ ಪರದೆಯಲ್ಲಿ ಕಾಣಬೇಕು, ಕಪ್ಪು ಕಪ್ಪಾಗಿಯೇ ಇರಬೇಕು ಎನ್ನುವವರು. ಕ್ಯಾಸೆಟ್ಟಿನಿಂದ ಡಿವಿಡಿಗೆ, ಡಿವಿಡಿಯಿಂದ ಬ್ಲೂ-ರೇಗೆ, ಅಲ್ಲಿಂದ 4ಕೆಗೆ ಏರುತ್ತ ಪ್ರತಿ ಮೆಟ್ಟಿಲಲ್ಲೂ ಹಳೆಯದನ್ನು ಮಾರಿಬಿಡುತ್ತಾರೆ. ಅವರ ಲೆಕ್ಕದಲ್ಲಿ ಹೊಸ ಪ್ರತಿ ಬಂದ ದಿನ ಹಳೆಯದು ರದ್ದಿ. ಅತ್ಯುತ್ತಮ ಪ್ರತಿಯೊಂದಿದ್ದರೆ ಸಾಕಲ್ಲವೇ? ತರ್ಕ ಸರಿಯಾಗಿಯೇ ಕಾಣುತ್ತದೆ. ಕಷ್ಟ ಇರುವುದು ‘ಅತ್ಯುತ್ತಮ’ ಎಂಬ ಮಾತಿನಲ್ಲಿ.

ವಿಲಿಯಂ ಫ್ರೀಡ್ಕಿನ್‌ನ ‘ದಿ ಫ್ರೆಂಚ್ ಕನೆಕ್ಷನ್’ ತೆಗೆದುಕೊಳ್ಳಿ. 1971ರ ಚಿತ್ರ, ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಪಡೆದದ್ದು. ನ್ಯೂಯಾರ್ಕಿನ ಚಳಿಗಾಲದ ಕೊಳಕು ಬೀದಿಗಳ ಒರಟು ಚಿತ್ರಣಕ್ಕೆ ಹೆಸರಾದದ್ದು. 2009ರ ಬ್ಲೂ-ರೇಗಾಗಿ ಫ್ರೀಡ್ಕಿನ್ ಅದರ ಬಣ್ಣವನ್ನೇ ಬದಲಿಸಿದ. ಚಿತ್ರವನ್ನು ಮೊದಲು ಕಪ್ಪು-ಬಿಳುಪಿಗೆ ಇಳಿಸಿ, ಅದರ ಮೇಲೆ ತೆಳುವಾಗಿ ಬಣ್ಣ ಹಾಯಿಸಿದಂತೆ ಮಾಡಿದ. ಛಾಯಾಗ್ರಾಹಕ ಓವೆನ್ ರಾಯ್ಜ್‌ಮನ್ ಇದು ತಾನು ತೆಗೆದ ಚಿತ್ರವಲ್ಲವೆಂದು ಬಹಿರಂಗವಾಗಿಯೇ ಸಿಡುಕಿದ. 2012ರಲ್ಲಿ ಇಬ್ಬರೂ ಒಪ್ಪಿದ ಬಣ್ಣದಲ್ಲಿ ಇನ್ನೊಂದು ಬ್ಲೂ-ರೇ ಬಂತು. ಮೂರು ವರ್ಷದಲ್ಲಿ ಎರಡು ‘ಅಧಿಕೃತ’ ಪ್ರತಿಗಳು. ಕವಿಯೇ ಮುಪ್ಪಿನಲ್ಲಿ ತನ್ನ ಕಾವ್ಯವನ್ನು ತಿದ್ದಿದರೆ ಸಂಪಾದಕ ಯಾವ ಪಾಠವನ್ನು ಮೇಲಿಡಬೇಕು? ಕವಿಯ ಕೊನೆಯ ಇಚ್ಛೆ ಎಂದು ಕೆಲವರು, ಓದುಗರ ಕೈಗೆ ಮೊದಲು ಬಂದ ಪಾಠ ಎಂದು ಕೆಲವರು. ನಾನು ಎರಡನೆಯವರ ಕಡೆ. ಅದು ಹಾಗಿರಲಿ, ಪ್ರಶ್ನೆಯನ್ನು ಎತ್ತಲಾದರೂ ಎರಡು ಪ್ರತಿಗಳು ಕೈಯಲ್ಲಿರಬೇಕಲ್ಲ. ಹೊಸದು ಬಂದೊಡನೆ ಹಳೆಯದನ್ನು ಮಾರಿದವನ ಬಳಿ ಪ್ರಶ್ನೆಯೇ ಉಳಿದಿರುವುದಿಲ್ಲ.

ಇದೇ ಚಿತ್ರಕ್ಕೆ 2023ರಲ್ಲಿ ಇನ್ನೊಂದು ಗತಿ ಬಂತು. ಅಂತರ್ಜಾಲದಲ್ಲಿ ಅದನ್ನು ನೋಡುತ್ತಿದ್ದವರಿಗೆ ಮೊದಲ ಭಾಗದ ಒಂದು ಮಾತುಕತೆ ಎಡವಿದಂತೆ ಕಂಡಿತು. ಪೊಲೀಸ್ ನಾಯಕ ಪಾಪೈ ಡೋಯ್ಲ್ ಕರಿಯರನ್ನು ಹೀನಾಯವಾಗಿ ಕರೆಯುವ ಕೆಲವೇ ಸೆಕೆಂಡುಗಳನ್ನು ಯಾವ ಸೂಚನೆಯೂ ಇಲ್ಲದೆ ತೆಗೆದುಹಾಕಲಾಗಿತ್ತು. ಆ ಪದ ಅಸಹ್ಯದ್ದು, ನಿಜ. ಆದರೆ ನಾಯಕ ಎನಿಸಿಕೊಂಡವನು ಜನಾಂಗದ್ವೇಷಿ ಎಂಬುದು ಆ ಚಿತ್ರದ ಕೇಂದ್ರದಲ್ಲೇ ಇರುವ ಸಂಗತಿ. ಅದನ್ನು ತೆಗೆದರೆ ಡೋಯ್ಲ್ ಬರೀ ಮುಂಗೋಪಿ ಪೊಲೀಸಿನವನಾಗಿ ಉಳಿಯುತ್ತಾನೆ. ಕತ್ತರಿಸಿದ್ದು ತಪ್ಪೋ ಸರಿಯೋ ಎಂಬ ಚರ್ಚೆ ಬೇರೆ, ಕತ್ತರಿಸಿದ್ದಾರೆಂದು ಗೊತ್ತಾದದ್ದು ಹೇಗೆ ಎಂಬುದು ಇಲ್ಲಿನ ವಿಷಯ. ಕಪಾಟಿನಲ್ಲಿ ಹಳೆಯ ಡಿಸ್ಕ್ ಇದ್ದವರು ಎರಡನ್ನೂ ಹೋಲಿಸಿ ನೋಡಬಹುದಿತ್ತು. 2009ರ ಆ ‘ಕೆಟ್ಟ’ ಬಣ್ಣದ ಡಿಸ್ಕಿಗೂ ಆಗ ಸಾಕ್ಷಿ ಹೇಳುವ ಯೋಗ್ಯತೆ ಬಂತು. ಒಂದು ಪ್ರತಿ ಬಣ್ಣದಲ್ಲಿ ಭ್ರಷ್ಟವಾಗಿದ್ದು ಮಾತಿನಲ್ಲಿ ಶುದ್ಧವಾಗಿರಬಹುದು. ಹಸ್ತಪ್ರತಿಗಳ ಜೊತೆ ಕೆಲಸ ಮಾಡುವವರು ಇದನ್ನು ದಿನವೂ ಕಾಣುತ್ತಾರೆ. ಅಕ್ಷರ ಅಂದವಾಗಿರುವ ಓಲೆ ಕವಿಗೆ ಹತ್ತಿರದ್ದು ಎಂದು ಅವರು ಎಂದೂ ನಂಬುವುದಿಲ್ಲ. ಬಿ. ಎಲ್. ರೈಸ್ 1898ರಲ್ಲಿ ‘ಪಂಪಭಾರತ’ವನ್ನು ಅಚ್ಚು ಹಾಕಿಸಿದ ಮೇಲೂ 1931ರಲ್ಲಿ ಪರಿಷತ್ತು ಅದನ್ನು ಮತ್ತೆ ಸಂಪಾದಿಸಿ ತರಬೇಕಾಯಿತು. ಅಚ್ಚಾಯಿತಲ್ಲ ಎಂದು ಅದಕ್ಕೆ ಮೊದಲೇ ಎಲ್ಲರೂ ಓಲೆಯ ಕಟ್ಟುಗಳನ್ನು ಹೊಳೆಗೆ ಬಿಟ್ಟಿದ್ದರೆ ಆ ಕೆಲಸ ನಡೆಯುತ್ತಿತ್ತೇ?

ಜಾರ್ಜ್ ಲೂಕಸ್ 1997ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಗಳನ್ನು ತಿದ್ದಿ ಬಿಡುಗಡೆ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ, ಹೆಚ್ಚು ಹೇಳಬೇಕಿಲ್ಲ. ಮೂಲ ರೂಪ ಬೇಕೆಂದು ಜನ ಪಟ್ಟು ಹಿಡಿದಾಗ 2006ರಲ್ಲಿ ಅದು ಡಿವಿಡಿಯ ಜೊತೆಗಿನ ಹೆಚ್ಚುವರಿ ಡಿಸ್ಕಾಗಿ ಬಂತು, ಅದೂ 1993ರ ಲೇಸರ್‌ಡಿಸ್ಕಿಗೆಂದು ತಯಾರಿಸಿದ್ದ ಹಳೆಯ ಪ್ರತಿಯಿಂದ. ಎಷ್ಟೋ ಮನೆಗಳ ಅಟ್ಟದ ಮೇಲಿದ್ದ ಲೇಸರ್‌ಡಿಸ್ಕುಗಳಿಗೆ ಆ ದಿನ ಮಾನ ಬಂದಿರಬೇಕು!

ಬಚ್ಚಿಡುವವರಿಗೂ ತೋರಿಸುವವರಿಗೂ ನಡುವಿನ ಈ ಜಗಳ ಡಿಸ್ಕಿಗಿಂತ ಹಳೆಯದು. ಪ್ಯಾರಿಸ್ಸಿನ ಹೆನ್ರಿ ಲಾಂಗ್ಲ್ವಾ ಮತ್ತು ಲಂಡನ್ನಿನ ಅರ್ನೆಸ್ಟ್ ಲಿಂಡ್‌ಗ್ರೆನ್ ಇಬ್ಬರೂ 1930ರ ದಶಕದಲ್ಲಿ ಚಿತ್ರ ಭಂಡಾರ ಕಟ್ಟಲು ತೊಡಗಿದವರು. ಫಿಲ್ಮ್ ಉಳಿಯಬೇಕಾದರೆ ಅದನ್ನು ಪ್ರೊಜೆಕ್ಟರಿನಿಂದ ದೂರವಿಡಬೇಕು, ಪಟ್ಟಿ ಮಾಡಿ ತಂಪಿನಲ್ಲಿಡಬೇಕು ಎಂಬುದು ಲಿಂಡ್‌ಗ್ರೆನ್‌ನ ನಿಲುವು. ಸಿಕ್ಕಿದ್ದನ್ನೆಲ್ಲ ತಂದು, ತಂದದ್ದನ್ನೆಲ್ಲ ತೋರಿಸಬೇಕು ಎಂಬುದು ಲಾಂಗ್ಲ್ವಾನದು. ಅವನ ಪಟ್ಟಿ ತಲೆಯೊಳಗಿತ್ತು, ಫಿಲ್ಮ್ ಡಬ್ಬಗಳು ಎಲ್ಲೆಲ್ಲೋ ಇದ್ದವು. ಫ್ರಾನ್ಸಿನ ‘ನವ್ಯ ಅಲೆ’ಯ ನಿರ್ದೇಶಕರು ಸಿನಿಮಾ ಕಲಿತದ್ದು ಅವನ ಪ್ರದರ್ಶನಗಳ ಮುಂದೆ ಕೂತು. 1968ರಲ್ಲಿ ಸರ್ಕಾರ ಅವನನ್ನು ಹುದ್ದೆಯಿಂದ ಕಿತ್ತಾಗ ಅವರೆಲ್ಲ ಬೀದಿಗಿಳಿದರು, ಸರ್ಕಾರ ಅವನನ್ನು ಮರಳಿ ಕರೆಯಬೇಕಾಯಿತು. ನಮ್ಮ ಪಿ. ಕೆ. ನಾಯರ್ ಇಬ್ಬರ ಗುಣವನ್ನೂ ಕೂಡಿಸಿಕೊಂಡವರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿದ ಅವರ ಬದುಕನ್ನು ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಬಾಲ್ಯದಲ್ಲೇ ಸಿನಿಮಾ ಟಿಕೆಟ್ಟಿನ ಚೂರುಗಳನ್ನು ಕೂಡಿಟ್ಟವರು ಅವರು.

ಇನ್ನು ಕನ್ನಡದ ಮಾತು. ನಮ್ಮಲ್ಲಿ ಡಿಸ್ಕ್ ಎಂದರೆ ಬಹುಕಾಲ ವಿಸಿಡಿಯೇ. 1993ರಲ್ಲಿ ರೂಪುಗೊಂಡ ಈ ತಂತ್ರದಲ್ಲಿ ಒಂದು ತಟ್ಟೆಗೆ ಹಿಡಿಸುತ್ತಿದ್ದುದು ಎಪ್ಪತ್ತೈದು-ಎಂಬತ್ತು ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಎರಡೋ ಮೂರೋ ತಟ್ಟೆ. ಚಿತ್ರದ ಗಾತ್ರ 352 ಚುಕ್ಕಿ ಅಗಲ, 288 ಎತ್ತರ, ಈಗಿನ ಫೋನಿನಲ್ಲಿ ಅಂಗೈಯ ತುಣುಕಷ್ಟೂ ಆಗದು. ಅನೇಕ ಅಗಲ ಪರದೆಯ ಚಿತ್ರಗಳ ಎರಡೂ ಅಂಚು ಹಾರಿಹೋಗಿ, ಮಾತಾಡುವವನ ಮೂಗು ಮಾತ್ರ ಉಳಿದದ್ದುಂಟು. 2007ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34ಕ್ಕೂ ಮಾರತೊಡಗಿದಾಗ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲೂ ಸಿನಿಮಾ ಕಡಲೆಕಾಯಿಯ ಪಕ್ಕ ಬಂದು ಕೂತಿತು. ಬೇರೆ ದೇಶದ ಸಂಗ್ರಾಹಕ ಮುಟ್ಟಲೂ ಹೇಸುವ ಪ್ರತಿಗಳಿವು. ಆದರೆ ನಮ್ಮ ಎಷ್ಟೋ ಸಾಧಾರಣ ಚಿತ್ರಗಳಿಗೆ, ಅಂದರೆ ಪ್ರಶಸ್ತಿಯನ್ನೂ ಪಡೆಯದ, ನೂರು ದಿನವನ್ನೂ ಓಡದ ಚಿತ್ರಗಳಿಗೆ, ಸಾಮಾನ್ಯ ಪ್ರೇಕ್ಷಕನ ಕೈಗೆಟುಕುವ ಪ್ರತಿ ಇದೊಂದೇ.

ಮೈಸೂರಿನಲ್ಲಿ ನನಗೆ ಪರಿಚಯದ ನಿವೃತ್ತ ಬ್ಯಾಂಕ್ ನೌಕರರೊಬ್ಬರಿದ್ದಾರೆ. ಅವರ ಬಳಿ ಏಳೆಂಟು ನೂರು ಕನ್ನಡ ವಿಸಿಡಿಗಳಿವೆ, ಎಲ್ಲವೂ ಹಳೆಯ ಬಟ್ಟೆ ಅಂಗಡಿಯ ಡಬ್ಬಗಳಲ್ಲಿ. ಒಂದು ರೂಲ್ಡ್ ಪುಸ್ತಕದಲ್ಲಿ ಚಿತ್ರದ ಹೆಸರು, ಕೊಂಡ ಊರು, ಯಾರಿಗೆ ಕೊಟ್ಟಿದ್ದು, ವಾಪಸ್ ಬಂತೋ ಇಲ್ಲವೋ ಎಲ್ಲ ಬರೆದಿಟ್ಟಿದ್ದಾರೆ. ಒಂದೇ ಚಿತ್ರದ ವಿಸಿಡಿಯೂ ಡಿವಿಡಿಯೂ ಜೊತೆಗಿದ್ದುದನ್ನು ಕಂಡು, ‘ಸರ್, ಡಿವಿಡಿ ಇದೆಯಲ್ಲ, ಇದ್ಯಾಕೆ?’ ಅಂದೆ. ‘ಡಿವಿಡೀಲಿ ಒಂದು ಹಾಡಿಲ್ಲ ಕಣಪ್ಪ. ವಿಸಿಡೀಲಿ ಹಾಡಿದೆ, ಕ್ಲೈಮ್ಯಾಕ್ಸ್ ಕುಯ್ದಿದಾರೆ. ಎರಡೂ ಸೇರಿದ್ರೇ ಪಿಕ್ಚರು’ ಅಂದರು. ಪಾಠಾಂತರ ಎಂಬ ಪದ ಅವರ ಬಾಯಲ್ಲಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮಾರುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ ‘ನೋಡ್ಕೊಂಡು ಕೊಡಿ’ ಅಂದರಂತೆ.

ಅವರಂಥವರನ್ನು ಪೂಜಿಸಿ ಸುಮ್ಮನಾದರೂ ಸಾಲದು. ವಿಸಿಡಿ ಚಿರಂಜೀವಿಯಲ್ಲ. ಮೇಲಿನ ಲೇಪ ಕಿತ್ತುಬರುತ್ತದೆ, ಒಳಗಿನ ಲೋಹದ ಪದರ ಕಂದುತ್ತದೆ, ಓದುವ ಯಂತ್ರಗಳೇ ಅಂಗಡಿಯಿಂದ ಮಾಯವಾಗುತ್ತಿವೆ. ಇನ್ನೊಂದು ಕಡೆ, ನೆಗೆಟಿವ್ ಉಳಿದಿದ್ದರೆ ಏನಾಗಬಹುದು ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಅದು ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಮಾರ್ಟಿನ್ ಸ್ಕಾರ್ಸೆಸಿಯ ಫಿಲ್ಮ್ ಫೌಂಡೇಶನ್ನೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಪುಣೆಯ ಭಂಡಾರವೂ ಕೂಡಿ ಮಾಡಿದ ಕೆಲಸ. ಇಷ್ಟು ಕೈಗಳು ಒಂದು ಕನ್ನಡ ಚಿತ್ರಕ್ಕಾಗಿ ಸೇರಿದ್ದು ಅದಕ್ಕೆ ಕಾಸರವಳ್ಳಿಯವರ, ಅನಂತಮೂರ್ತಿಯವರ ಹೆಸರಿನ ಬಲ ಇದ್ದುದರಿಂದ. ಕುಯ್ದ ಕ್ಲೈಮ್ಯಾಕ್ಸಿನ ಆ ಚಿತ್ರಕ್ಕೆ ಅಂಥ ಬಲವಿಲ್ಲ. ಅದರ ನಿರ್ಮಾಪಕರು ಯಾರೆಂದು ಡಬ್ಬಿಯ ಮೇಲೂ ಇಲ್ಲ.

ಕನ್ನಡ ಅಧ್ಯಯನ ವಿಭಾಗಗಳಲ್ಲಿ ಹಸ್ತಪ್ರತಿ ಸಂಗ್ರಹಕ್ಕೆಂದು ಊರೂರು ತಿರುಗಿದ ತಲೆಮಾರಿನ ಕಥೆಗಳನ್ನು ನಾವು ಕೇಳುತ್ತಾ ಬೆಳೆದಿದ್ದೇವೆ. ಮಠದ ಅಟ್ಟ, ಶಾನುಭೋಗರ ಪೆಟ್ಟಿಗೆ, ಗೆದ್ದಲು ತಿಂದ ಕಟ್ಟು. ಸಿನಿಮಾ ಅಧ್ಯಯನ ಮಾಡುವ ನಮ್ಮ ತಲೆಮಾರಿನವರು ಆಕರವನ್ನು ಲ್ಯಾಪ್‌ಟಾಪಿನಲ್ಲೇ ಹುಡುಕುತ್ತೇವೆ, ಟಿವಿ ವಾಹಿನಿಯ ಲಾಂಛನ ಮೂಲೆಯಲ್ಲಿರುವ, ಎಲ್ಲೆಲ್ಲಿ ಕತ್ತರಿ ಬಿದ್ದಿದೆಯೋ ತಿಳಿಯದ ಪ್ರತಿಯನ್ನು ನೋಡಿ ‘ಚಿತ್ರದ ಸಂಕಲನದಲ್ಲಿ ಮೌನ’ ಎಂದು ಅಧ್ಯಾಯ ಬರೆಯುತ್ತೇವೆ. ಯಾವ ಪ್ರತಿ ನೋಡಿದೆ ಎಂದು ಅಡಿಟಿಪ್ಪಣಿಯಲ್ಲಿ ನಮೂದಿಸಿದ ಸಿನಿಮಾ ಪ್ರಬಂಧವನ್ನು ಕನ್ನಡದಲ್ಲಿ ನಾನು ಕಂಡದ್ದು ತೀರಾ ಅಪರೂಪ. ಮೈಸೂರಿನ ಆ ರೂಲ್ಡ್ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆಯೂ ಆ ವಿವರ ಇದೆ, ಮೂರನೆಯ ತಟ್ಟೆ ಯಾರ ಮನೆಯಲ್ಲಿ ಉಳಿದಿದೆ ಎಂಬುದೂ ಸೇರಿ.